ಪುಟ್ಟ ಜಲಾಂತರ್ಗಾಮಿಗೊಂದು ತೇಲುಬೆಂಡು

ಒಬ್ಬಿಬ್ಬರು ಮಾತ್ರ ಕುಳಿತು ಸಂಚರಿಸಬಹುದಾದ ಪುಟ್ಟ ಜಲಾಂತರ್ಗಾಮಿ ನೌಕೆಗಳನ್ನು ಅಮೆರಿಕ, ಯೂರೋಪುಗಳ ಕೆಲವು ಹವ್ಯಾಸಿಗಳು ತಾವೇ ಕಟ್ಟಿಕೊಳ್ಳುತ್ತಾರೆ. ಇಂತಹ ನೌಕೆಯು ನೀರಿನೊಳಗೆ ಚಲಿಸುವಾಗ, ಆಂಟೆನಾ ಹೊತ್ತ ತೇಲುಬೆಂಡೊಂದನ್ನು ಹಗ್ಗದ ತುದಿಯಲ್ಲಿ ಕಟ್ಟಿ, ನೀರಿನ ಮೇಲೆ ಎಳೆದುಕೊಂಡು ಹೋಗಬೇಕೆ, ಬೇಡವೆ? ಸಮುದ್ರದಲ್ಲಿ ಕೆಲವೇ ಮೀಟರುಗಳ ಆಳದಲ್ಲಿ ಒಂಟಿಯಾಗಿ ಸಂಚರಿಸುವವರಿಗೆ ಅದು ಬೇಕೇ ಬೇಕೆಂಬುದು ನಮ್ಮ ಅಭಿಪ್ರಾಯ.

ಉಪ್ಪುನೀರು ವಿದ್ಯುದ್ವಾಹಕವೆಂಬುದನ್ನು ವಿದ್ಯಾರ್ಥಿಗಳು ಬಲ್ಲರು. ರೇಡಿಯೋ ತರಂಗವು ಅದನ್ನು ಹೊಕ್ಕೊಡನೆ ವಿದ್ಯುತ್ ಪ್ರವಾಹಗಳನ್ನು ಹುಟ್ಟಿಸಿ, ತನ್ನ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಹಡಗುಗಳು ಅಪಾಯದ ಕರೆಗೆ ಬಳಸುವ 156.8 ಮೆಗಾಹರ್ಟ್ಸ್ ತರಂಗದ ಪ್ರಬಲತೆಯು ಸಮುದ್ರದ ನೀರಿನಲ್ಲಿ ಸುಮಾರು ಎರಡು ಸೆಂಟಿಮೀಟರಿಗೊಮ್ಮೆ ಮೂರನೆಯ ಒಂದು ಪಾಲಿನಷ್ಟಕ್ಕೆ ಇಳಿಯುತ್ತದೆ. ಒಂದು ಮೀಟರಿನೊಳಗೆ ಹೀಗೆ ಐವತ್ತು ಸಲ ಇಳಿದರೆ ಉಳಿಯುವುದೇನು? ಅತಿ ದೀರ್ಘ ತರಂಗಗಳು ಹತ್ತಿಪ್ಪತ್ತು ಮೀಟರು ಇಳಿಯಬಲ್ಲವು, ನಿಜ. ಆದರೆ ಅವುಗಳನ್ನು ಕಳುಹಿಸಲು ತಮಿಳುನಾಡಿನ ವಿಜಯನಾರಾಯಣಂನಲ್ಲಿ ನಮ್ಮ ನೌಕಾಪಡೆಯು 1990ರಲ್ಲಿ ಆರಂಭಿಸಿದಂತಹ ಬೃಹತ್ ಕೇಂದ್ರವೇ ಬೇಕು.

ಶಬ್ದವಾದರೋ ನೀರಿನಲ್ಲಿ ಸೆಕೆಂಡಿಗೆ ಸುಮಾರು 1,500 ಮೀಟರು ವೇಗದಿಂದ ಬಹುದೂರ ಸಾಗುತ್ತದೆ. ಆದರೆ ಅದನ್ನು ಕೇಳಲು ಮೇಲಿನ ದೋಣಿಯವರು ಅದಕ್ಕೆ ತಕ್ಕ ಉಪಕರಣವನ್ನು ನೀರಿಗೆ ಇಳಿಬಿಟ್ಟಿರಬೇಕು. ದಾರಿಯಲ್ಲಿ ಹೋಗುವ ಮೀನುಗಾರರಿಗೆ ಆ ಕೂಗು ಕೇಳಿಸದು. ತೇಲುಬೆಂಡಿಗೆ ಈ ಕೊರತೆಯಿಲ್ಲ. ಅದು ಸಾಮಾನ್ಯ ರೇಡಿಯೋದೊಡನೆ ಮಾತನಾಡುತ್ತದೆ, ಉಪಗ್ರಹಗಳ ಸಂಕೇತದಿಂದ ತಾನಿರುವ ಸ್ಥಳವನ್ನು ತಿಳಿಯುತ್ತದೆ, ಬಾವುಟವನ್ನೂ ತೋರುತ್ತದೆ. ಬೆಂಡಿನ ಆಂಟೆನಾ ನೀರಿನಿಂದ ಒಂದು ಮೀಟರು, ದೋಣಿಯದು ನಾಲ್ಕು ಮೀಟರು ಎತ್ತರವಿದ್ದರೆ, ಹತ್ತು ಕಿಲೋಮೀಟರು ದೂರದವರೆಗೆ ಅವೆರಡರ ನಡುವೆ ದಿಗಂತವು ಅಡ್ಡಬಾರದು.

ಹಗ್ಗವೇ ಅಪಾಯವೆಂದು ವಿರೋಧಿಸುವವರುಂಟು. ಅವರ ಮಾತನ್ನು ನಾವು ತಳ್ಳಿಹಾಕುವುದಿಲ್ಲ. ವೇಗ ಇಮ್ಮಡಿಯಾದರೆ ನೀರಿನ ಎಳೆತ ನಾಲ್ಮಡಿಯಾಗುತ್ತದೆ. ಆಗ ಬೆಂಡು ಹಿಂದಕ್ಕೆ ವಾಲಿ ನೀರೊಳಗೆ ಮುಳುಗಬಹುದು. ಹಗ್ಗ ಚಾಲಕಚಕ್ರಕ್ಕೆ ಸುತ್ತಿಕೊಳ್ಳಲೂಬಹುದು. 2005ರ ಆಗಸ್ಟಿನಲ್ಲಿ ರಷ್ಯದ ಎಎಸ್-28 ಎಂಬ ಸಣ್ಣ ಜಲಾಂತರ್ಗಾಮಿಯು ಕಮ್ಚಟ್ಕಾದ ಬಳಿ ಸುಮಾರು 190 ಮೀಟರು ಆಳದಲ್ಲಿ ಬಲೆ, ತಂತಿಗಳಿಗೆ ಸಿಕ್ಕಿಬಿದ್ದಿತು. ಬ್ರಿಟಿಷರ ದೂರನಿಯಂತ್ರಿತ ಯಂತ್ರವೊಂದು ಅವುಗಳನ್ನು ಹೊರಗಿನಿಂದ ಕತ್ತರಿಸಿದ ಮೇಲೆಯೇ, ಮೂರು ದಿನಗಳ ತರುವಾಯ, ಒಳಗಿದ್ದ ಏಳು ಜನರು ಬದುಕಿ ಬಂದರು.

ಈ ಘಟನೆಯಿಂದ ಹಗ್ಗವನ್ನು ಹೇಗೆ ಕಟ್ಟಬೇಕೆಂಬುದನ್ನು ಕಲಿಯಬೇಕೇ ಹೊರತು, ಕಟ್ಟಲೇಬಾರದೆಂದಲ್ಲ. ಹಗ್ಗವು ನೀರಿನಲ್ಲಿ ಮುಳುಗದಷ್ಟು ಹಗುರವಾಗಿರಲಿ. ಚಾಲಕಚಕ್ರದಿಂದ ದೂರವಾಗಿ, ನೌಕೆಯ ಮೇಲ್ಭಾಗದಲ್ಲಿ ಅದನ್ನು ಬಿಗಿಯಲಿ. ನೌಕೆ ನಿಧಾನವಾಗಿ ಸಾಗಲಿ. ಎಲ್ಲಕ್ಕಿಂತ ಮುಖ್ಯವಾಗಿ, ಒಳಗೆ ಕುಳಿತವನು ಒಂದು ಹಿಡಿಕೆಯನ್ನು ಎಳೆದೊಡನೆ ಹಗ್ಗ ಕಳಚಿಕೊಳ್ಳುವಂತಿರಲಿ. ಕಳಚಿದ ಬೆಂಡು ಕೂಡ ಅವನು ಕಡೆಯದಾಗಿ ಎಲ್ಲಿದ್ದನೆಂಬುದನ್ನು ಮೇಲಿನವರಿಗೆ ಸಾರುತ್ತದೆ.

ಬೆಂಡು ಕಟ್ಟಿಕೊಂಡು ಈಜುವವನನ್ನು ಕಂಡು ನಗುವುದು ನಮ್ಮಲ್ಲಿ ವಾಡಿಕೆ. ಆದರೆ ಕಾಣೆಯಾದವನನ್ನು ಹುಡುಕಲು ಹೊರಡುವವರೂ ತಮ್ಮ ಪ್ರಾಣವನ್ನು ಪಣಕ್ಕಿಡುತ್ತಾರೆಂಬುದನ್ನು ಮರೆಯಲಾಗದು. ತನ್ನ ಕೈಯಾರೆ ಕಟ್ಟಿದ ನೌಕೆಯಲ್ಲಿ ಇಳಿಯುವ ಸಾಹಸಿಗೆ ನಮ್ಮ ಮೆಚ್ಚುಗೆಯುಂಟು; ಆದರೆ ತಾನಿರುವ ಎಡೆಯನ್ನು ಮೇಲಿನವರಿಗೆ ತಿಳಿಸುತ್ತಿರುವುದು ಅವನ ಕರ್ತವ್ಯ.