ಸಾವಿರ ಬೆಟ್ಟಗಳ ಹೋಟೆಲು



ಐಷಾರಾಮಿ ಹೋಟೆಲಿನಲ್ಲಿ ನಾಲ್ಕು ದಿನ ತಂಗುವುದೆಂದರೆ ನಮ್ಮ ಇಟಿಕ್ಯಾಲ, ಗದ್ವಾಲ, ಮಕ್ತಲ್ ಕಡೆಯ ಬಹುಪಾಲು ಜನರಿಗೆ ಅದು ಸಿನಿಮಾದಲ್ಲಿ ಕಾಣುವ ಸಂಗತಿ. ಆದರೆ ಅಂತಹ ಕಟ್ಟಡಗಳ ಗೋಡೆ ಎಬ್ಬಿಸಿದವರಲ್ಲಿ ನಮ್ಮವರು ಬಹಳ ಮಂದಿ ಇದ್ದಾರೆ. 'ಪಾಲಮೂರು ಕೂಲಿ' ಎಂದರೆ ಗುತ್ತಿಗೆದಾರರೆಲ್ಲರಿಗೂ ಗೊತ್ತು. ಮಳೆ ಕೈಕೊಟ್ಟ ವರ್ಷಗಳಲ್ಲಿ ಊರು ಬಿಟ್ಟು ಮುಂಬಯಿ, ಪುಣೆ, ಬೆಂಗಳೂರು, ಹೈದರಾಬಾದಿಗೆ ಹೋಗಿ ಗಾರೆ ಕಲಸಿದವರು, ಇಟ್ಟಿಗೆ ಹೊತ್ತವರು ಇವರು. ಕಟ್ಟಡ ಮುಗಿದು ಬಾಗಿಲಿಗೆ ಕಾವಲುಗಾರ ಬಂದು ನಿಂತ ದಿನವೇ, ಅದನ್ನು ಕಟ್ಟಿದವನು ಅಲ್ಲಿಗೆ ಹೊರಗಿನವನಾಗುತ್ತಾನೆ. ಬಾಗಿಲು ಯಾರಿಗೆ ತೆರೆಯುತ್ತದೆ, ಯಾರಿಗೆ ಮುಚ್ಚುತ್ತದೆ ಎಂಬ ಪ್ರಶ್ನೆ ಹೀಗಾಗಿ ನಮಗೆ ಹೊಸದಲ್ಲ. ಈ ತಿಂಗಳು ಅದೇ ಪ್ರಶ್ನೆಯನ್ನು ಕೈಯಲ್ಲಿ ಹಿಡಿದು ದೂರದ ಆಫ್ರಿಕಾದ ಒಂದು ಹೋಟೆಲಿಗೆ ಹೋಗಿಬರೋಣ.

ಆಫ್ರಿಕಾದ ನಡುವೆ ರುವಾಂಡ ಎಂಬ ಪುಟ್ಟ ದೇಶವಿದೆ. ಎತ್ತ ನೋಡಿದರೂ ಹಸಿರು ಬೆಟ್ಟ. ಅದಕ್ಕೇ ಅದನ್ನು 'ಸಾವಿರ ಬೆಟ್ಟಗಳ ನಾಡು' ಎನ್ನುತ್ತಾರೆ. ರಾಜಧಾನಿ ಕಿಗಾಲಿ. ಭೂಮಧ್ಯರೇಖೆಯ ಹತ್ತಿರವಿದ್ದರೂ ಬೆಂಗಳೂರಿಗಿಂತ ಎತ್ತರದಲ್ಲಿರುವುದರಿಂದ ಅಲ್ಲಿನ ಹವೆ ತಂಪು. ಪ್ಲಾಸ್ಟಿಕ್ ಚೀಲವನ್ನು 2008ರಲ್ಲೇ ನಿಷೇಧಿಸಿದ ದೇಶವದು. ಈ ಕಿಗಾಲಿಯ ನಟ್ಟನಡುವೆ 1973ರಲ್ಲಿ ಬೆಲ್ಜಿಯಂ ದೇಶದ ಸಬೇನಾ ವಿಮಾನ ಕಂಪನಿಯು ಒಂದು ಹೋಟೆಲು ತೆರೆಯಿತು. ಹೆಸರು 'ಮಿಲ್ ಕೊಲಿನ್'. ಫ್ರೆಂಚ್ ಭಾಷೆಯಲ್ಲಿ ಹಾಗೆಂದರೆ ಸಾವಿರ ಬೆಟ್ಟ. ಐದು ಅಂತಸ್ತು, 112 ಕೋಣೆ, ಸುತ್ತ ತೋಟ, ತೋಟದ ನಡುವೆ ಈಜುಕೊಳ. ಬೆಲ್ಜಿಯಂನಿಂದ, ಫ್ರಾನ್ಸ್‌ನಿಂದ ಬಂದ ಅಧಿಕಾರಿಗಳು, ವ್ಯಾಪಾರಿಗಳು, ಊರಿನ ಸಿರಿವಂತರು ಆ ಕೊಳದ ಪಕ್ಕ ಕುಳಿತು ಸಂಜೆ ಕಳೆಯುತ್ತಿದ್ದರು. ಹಣವಿದ್ದವರಿಗೆ ಬಾಗಿಲು ತೆರೆದಿತ್ತು. ಎಲ್ಲ ದೊಡ್ಡ ಹೋಟೆಲುಗಳ ಕಥೆ ಇಷ್ಟೇ.

1994ರ ಏಪ್ರಿಲ್ 6ರ ರಾತ್ರಿ ಈ ಕಥೆ ಬದಲಾಯಿತು. ಅಂದು ರುವಾಂಡದ ಅಧ್ಯಕ್ಷ ಹಬ್ಯಾರಿಮಾನ ಅವರಿದ್ದ ವಿಮಾನವನ್ನು ಕಿಗಾಲಿಯ ಮೇಲೆ ಹೊಡೆದುರುಳಿಸಿದರು. ಕೆಲವೇ ಗಂಟೆಗಳಲ್ಲಿ ಊರ ತುಂಬ ರಸ್ತೆ ತಡೆಗಳು ಎದ್ದವು. ಆ ದೇಶದಲ್ಲಿ ಬಹುಸಂಖ್ಯಾತರು ಹುಟು ಜನ, ಅಲ್ಪಸಂಖ್ಯಾತರು ಟುಟ್ಸಿ ಜನ. ಇಬ್ಬರದೂ ಒಂದೇ ಭಾಷೆ. ಒಂದೇ ಬೆಟ್ಟದ ಮೇಲೆ ಅಕ್ಕಪಕ್ಕದ ಮನೆ. ಆದರೆ ಬೆಲ್ಜಿಯಂನವರ ಆಳ್ವಿಕೆಯ ಕಾಲದಿಂದಲೂ ಪ್ರತಿಯೊಬ್ಬನ ಗುರುತಿನ ಚೀಟಿಯಲ್ಲಿ ಅವನು ಯಾವ ಪಂಗಡದವನೆಂದು ಬರೆದಿರುತ್ತಿತ್ತು. ರಸ್ತೆ ತಡೆಯಲ್ಲಿ ಆ ಚೀಟಿ ನೋಡಿಯೇ ಮಚ್ಚು ಎತ್ತಿದರು. ಟುಟ್ಸಿಗಳನ್ನೂ, ಅವರ ಪರ ನಿಂತ ಹುಟುಗಳನ್ನೂ ಕೊಂದರು. ಸುಮಾರು 100 ದಿನಗಳಲ್ಲಿ ಸತ್ತವರು 8 ಲಕ್ಷ ಎಂದು ವಿಶ್ವಸಂಸ್ಥೆಯ ಅಂದಾಜು. 10 ಲಕ್ಷಕ್ಕೂ ಹೆಚ್ಚು ಎನ್ನುತ್ತದೆ ರುವಾಂಡ ಸರ್ಕಾರ.

ಆಗ ಜೀವ ಉಳಿಸಿಕೊಳ್ಳಲು ಜನ ಆ ಹೋಟೆಲಿಗೆ ಓಡಿಬಂದರು. ವಿದೇಶಿ ಅತಿಥಿಗಳು ವಿಮಾನ ಹತ್ತಿ ಹೊರಟುಹೋದ ಮೇಲೆ ಅವರ ಕೋಣೆಗಳಲ್ಲಿ ಬಾಣಂತಿಯರು, ಮಕ್ಕಳು, ಮುದುಕರು ತುಂಬಿಕೊಂಡರು. ಒಟ್ಟು 1,268 ಮಂದಿ ಅಲ್ಲಿ ಆಶ್ರಯ ಪಡೆದರೆಂಬ ಲೆಕ್ಕವಿದೆ. ಎಂದರೆ ಒಂದೊಂದು ಕೋಣೆಗೆ ಹನ್ನೊಂದು ಜನ. ನಳದಲ್ಲಿ ನೀರು ನಿಂತಾಗ ಈಜುಕೊಳದ ನೀರನ್ನೇ ಹೊತ್ತು ತಂದು ಕುಡಿದರು, ಅದರಲ್ಲೇ ಬೇಳೆ ಬೇಯಿಸಿದರು. ದೂರವಾಣಿ ತಂತಿಗಳನ್ನು ಕತ್ತರಿಸಿದ್ದರೂ ಫ್ಯಾಕ್ಸ್ ಯಂತ್ರದ ಒಂದು ತಂತಿ ಉಳಿದಿತ್ತು. ಅದರಿಂದಲೇ ರಾತ್ರಿಯೆಲ್ಲ ಬೆಲ್ಜಿಯಂ, ಫ್ರಾನ್ಸ್, ಅಮೆರಿಕಕ್ಕೆ ಮೊರೆ ಹೋಯಿತು. ವಿಶ್ವಸಂಸ್ಥೆಯ ಬೆರಳೆಣಿಕೆಯ ಸೈನಿಕರು ಕಾವಲಿದ್ದರು. ಮೇ 3ರಂದು ಲಾರಿಗಳಲ್ಲಿ ಹೊರಟ ಮೊದಲ ತಂಡವನ್ನು ದಾರಿಯಲ್ಲೇ ತಡೆದು ಹೊಡೆದರು. ಅವರು ಮರಳಿ ಹೋಟೆಲಿಗೇ ಬರಬೇಕಾಯಿತು. ಕೊನೆಗೆ ಮೇ, ಜೂನ್ ತಿಂಗಳುಗಳಲ್ಲಿ ತಂಡತಂಡವಾಗಿ ಅವರನ್ನು ಸುರಕ್ಷಿತ ಜಾಗಕ್ಕೆ ಸಾಗಿಸಲಾಯಿತು.

2004ರಲ್ಲಿ ಬಂದ 'ಹೋಟೆಲ್ ರುವಾಂಡ' ಎಂಬ ಇಂಗ್ಲಿಷ್ ಸಿನಿಮಾ ಈ ಘಟನೆಯನ್ನು ಜಗತ್ತಿಗೆ ತಿಳಿಸಿತು. ಅದರಲ್ಲಿ ಹೋಟೆಲಿನ ಉಸ್ತುವಾರಿ ಹೊತ್ತ ಪಾಲ್ ರುಸೆಸಾಬಗಿನ ಅವರೇ ನಾಯಕ. ಆದರೆ ಅವರ ವಿಷಯದಲ್ಲಿ ಅಲ್ಲಿ ಬದುಕುಳಿದವರಲ್ಲೇ ಒಮ್ಮತವಿಲ್ಲ. ಪ್ರಾಣ ಉಳಿಸಿದರೆಂದು ಕೆಲವರೂ, ಕೋಣೆಗೆ ಹಣ ಕೇಳಿದರೆಂದು ಕೆಲವರೂ ಹೇಳುತ್ತಾರೆ. ಮುಂದೆ ಅವರು ರುವಾಂಡ ಸರ್ಕಾರದ ಕಟು ಟೀಕಾಕಾರರಾದರು. 2021ರಲ್ಲಿ ಭಯೋತ್ಪಾದನೆಯ ಆರೋಪದ ಮೇಲೆ ಅಲ್ಲಿನ ನ್ಯಾಯಾಲಯ 25 ವರ್ಷ ಶಿಕ್ಷೆ ವಿಧಿಸಿತು, 2023ರಲ್ಲಿ ಬಿಡುಗಡೆಯಾಯಿತು. ಒಬ್ಬ ಮನುಷ್ಯನ ತೂಕವನ್ನು ನಾವು ಇಲ್ಲಿ ಕುಳಿತು ಹಾಕುವುದು ಬೇಡ. ಆ ಬಾಗಿಲ ಒಳಗೆ ಒಂದು ಸಾವಿರಕ್ಕೂ ಮಿಕ್ಕಿ ಜೀವಗಳು ಉಳಿದವು ಎಂಬುದಷ್ಟೇ ನಮಗೆ ಸಾಕು.

ಇಲ್ಲಿ ಒಂದು ವಿಚಿತ್ರವಿದೆ. ಅದೇ ಕಿಗಾಲಿಯಲ್ಲಿ 1993ರಲ್ಲಿ ಒಂದು ರೇಡಿಯೋ ಕೇಂದ್ರ ಆರಂಭವಾಗಿತ್ತು. ಅದರ ಹೆಸರಿನಲ್ಲೂ 'ಮಿಲ್ ಕೊಲಿನ್' ಎಂದೇ ಇತ್ತು. ಒಳ್ಳೆಯ ಸಂಗೀತ, ನಗೆಚಾಟಿಕೆ. ನಡುನಡುವೆ ಟುಟ್ಸಿಗಳನ್ನು 'ಜಿರಳೆ'ಗಳೆಂದು ಕರೆಯುವ ಮಾತು. ತಿಂಗಳುಗಟ್ಟಲೆ ಹೀಗೆ ಕೇಳಿ ಕೇಳಿ ಜನರ ಕಿವಿಗೆ ಅದು ಸಹಜವಾಯಿತು. ನರಮೇಧ ಶುರುವಾದಾಗ ಯಾರು ಎಲ್ಲಿ ಅಡಗಿದ್ದಾರೆಂದು ಅದೇ ರೇಡಿಯೋ ಹೇಳಿಕೊಟ್ಟಿತು. ಹೋಟೆಲಿಗೂ ರೇಡಿಯೋಗೂ ಒಂದೇ ಊರು, ಒಂದೇ ಹೆಸರು. ಒಂದು ಬಾಗಿಲು ತೆರೆಯಿತು, ಇನ್ನೊಂದು ಕೊಲ್ಲುವವರಿಗೆ ದಾರಿ ತೋರಿತು.

ಹೆಸರಿನ ಈ ಮಾತನ್ನು ಹೋಟೆಲಿಗೆ ಮಾತ್ರ ಹೇಳಿ ನಿಲ್ಲಿಸುವಂತಿಲ್ಲ. ಆಗ ರುವಾಂಡದಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಕಥೋಲಿಕರು. ಹಿಂದಿನ ಗಲಭೆಗಳಲ್ಲಿ ದೇವಾಲಯಕ್ಕೆ ಓಡಿದವರು ಬದುಕಿದ್ದರು. ಆ ನಂಬಿಕೆಯಿಂದಲೇ 1994ರಲ್ಲೂ ಸಾವಿರಾರು ಜನ ಮಕ್ಕಳನ್ನೆತ್ತಿಕೊಂಡು ಚರ್ಚುಗಳಿಗೆ ಹೋದರು. ನ್ಯಾಮತ, ನ್ತರಾಮ ಚರ್ಚುಗಳಲ್ಲಿ ಅವರನ್ನು ಪೀಠದ ಮುಂದೆಯೇ ಕೊಂದರು. ನ್ಯಾಂಗೆ ಎಂಬ ಧರ್ಮಕೇಂದ್ರದಲ್ಲಿ ಏಪ್ರಿಲ್ 16ರಂದು ಸುಮಾರು 2,000 ಜನ ಒಳಗಿರುವಾಗಲೇ ಬುಲ್ಡೋಜರ್ ತಂದು ದೇವಾಲಯವನ್ನು ಅವರ ಮೇಲೆ ಕೆಡವಿದರು. ಅದರಲ್ಲಿ ಪಾಲ್ಗೊಂಡ ಅಪರಾಧಕ್ಕಾಗಿ ಆ ಧರ್ಮಕೇಂದ್ರದ ಗುರುವಿಗೇ ಅಂತರರಾಷ್ಟ್ರೀಯ ನ್ಯಾಯಮಂಡಳಿ 2008ರಲ್ಲಿ ಜೀವಾವಧಿ ಶಿಕ್ಷೆ ವಿಧಿಸಿತು. ಬರೆಯಲು ಕೈ ನಡುಗುವ ಸಂಗತಿ ಇದು.  2016ರಲ್ಲಿ ರುವಾಂಡದ ಧರ್ಮಾಧ್ಯಕ್ಷರು ಕ್ಷಮೆ ಕೇಳಿದರು. 2017ರ ಮಾರ್ಚ್‌ನಲ್ಲಿ ಪೋಪ್ ಫ್ರಾನ್ಸಿಸ್ ಅವರು ಧರ್ಮಸಭೆಯ ಹಾಗೂ ಅದರ ಸದಸ್ಯರ ಪಾಪಗಳಿಗಾಗಿ ದೇವರಲ್ಲಿ ಕ್ಷಮೆ ಬೇಡಿದರು.

ಅದೇ ದಿನಗಳಲ್ಲಿ, ಅದೇ ಜ್ಞಾನಸ್ನಾನ ಪಡೆದ ಬೇರೆಯವರೂ ಇದ್ದರು. ಕಿಗಾಲಿಯ ಸಿಪ್ರಿಯನ್ ಮತ್ತು ಡಾಫ್ರೋಸ್ ರುಗಂಬ ದಂಪತಿಗಳನ್ನು ನೋಡಿ. ಆತ ಕವಿ, ಹಾಡುಗಳ ರಚನೆಕಾರ. ಒಡೆದುಹೋಗಬೇಕಿದ್ದ ಅವರ ಸಂಸಾರ ಪ್ರಾರ್ಥನೆಯಲ್ಲಿ ಮತ್ತೆ ಕೂಡಿಕೊಂಡಿತ್ತು. ಬೀದಿ ಮಕ್ಕಳಿಗೆ ಊಟ ಹಾಕುವ ಕೆಲಸವನ್ನು ಅವರು 1992ರಲ್ಲಿ ಆರಂಭಿಸಿದ್ದರು. ಪಂಗಡದ ಭೇದ ಬೇಡವೆಂದು ಬಹಿರಂಗವಾಗಿ ಹೇಳುತ್ತಿದ್ದರು. 1994ರ ಏಪ್ರಿಲ್ 7ರ ಬೆಳಿಗ್ಗೆ, ಪರಮಪ್ರಸಾದದ ಮುಂದೆ ರಾತ್ರಿಯಿಡೀ ಪ್ರಾರ್ಥಿಸಿದ್ದ ಆ ದಂಪತಿಗಳನ್ನು ಆರು ಮಕ್ಕಳ ಸಮೇತ ಮನೆಯಲ್ಲೇ ಕೊಂದರು. ಅವರನ್ನು ಸಂತರ ಸಾಲಿಗೆ ಸೇರಿಸುವ ವಿಚಾರಣೆ 2015ರಲ್ಲಿ ಆರಂಭವಾಗಿದೆ.

ಗಿಸೆನ್ಯಿ ಎಂಬ ಗಡಿ ಊರಿನಲ್ಲಿ ಫೆಲಿಸಿತಾಸ್ ನಿಯಿತೆಗೆಕ ಎಂಬ ಸೇವಾವ್ರತಿ ಮಹಿಳೆ ಇದ್ದರು. ಹುಟು ಪಂಗಡದವರು, ಸ್ವಂತ ಅಣ್ಣ ಸೇನೆಯಲ್ಲಿ ಕರ್ನಲ್. ಟುಟ್ಸಿಗಳನ್ನು ತಮ್ಮ ಕೇಂದ್ರದಲ್ಲಿ ಇಟ್ಟುಕೊಂಡು, ರಾತ್ರಿ ಹೊತ್ತು ಗಡಿ ದಾಟಿಸುತ್ತಿದ್ದರು. ನೀನೊಬ್ಬಳಾದರೂ ಬಂದುಬಿಡು ಎಂದು ಅಣ್ಣ ಹೇಳಿಕಳಿಸಿದ. ತನ್ನನ್ನು ನಂಬಿ ಬಂದವರನ್ನು ಬಿಟ್ಟು ಬರಲಾರೆ ಎಂದು ಆಕೆ ಚೀಟಿ ಬರೆದರು. ಏಪ್ರಿಲ್ 21ರಂದು ಅವರೊಂದಿಗೇ ಪ್ರಾಣ ಕೊಟ್ಟರು.

ಆಶ್ರಯಕ್ಕೆ ದೊಡ್ಡ ಕಟ್ಟಡವೇ ಬೇಕೆಂದಿಲ್ಲ. ಇಮಾಕ್ಯುಲೇ ಇಲಿಬಗಿಜ ಎಂಬ ಕಥೋಲಿಕ ಕಾಲೇಜು ಹುಡುಗಿ ಬದುಕಿದ್ದು ಒಬ್ಬ ಹುಟು ಪಂಗಡದ ಪ್ರೊಟೆಸ್ಟೆಂಟ್ ಪಾದ್ರಿಯ ಮನೆಯ ಬಚ್ಚಲಲ್ಲಿ. ನಾಲ್ಕಡಿ ಉದ್ದ, ಮೂರಡಿ ಅಗಲದ ಆ ಜಾಗದಲ್ಲಿ ಇನ್ನೂ ಏಳು ಮಂದಿ ಹೆಂಗಸರೊಡನೆ 91 ದಿನ ಉಸಿರು ಬಿಗಿಹಿಡಿದು ಕುಳಿತಿದ್ದರು. ತಂದೆ ಕೊಟ್ಟ ಜಪಸರ ಕೈಯಲ್ಲಿತ್ತು. ಹೊರಬಂದ ಮೇಲೆ, ತನ್ನ ಮನೆಯವರನ್ನು ಕೊಂದವನನ್ನು ಸೆರೆಮನೆಯಲ್ಲಿ ಕಂಡು ಕ್ಷಮಿಸಿದರು. ಐಷಾರಾಮಿ ಹೋಟೆಲಿನ ಕೋಣೆ, ಹಳ್ಳಿ ಪಾದ್ರಿಯ ಬಚ್ಚಲು: ಎರಡೂ ಮಾಡಿದ್ದು ಒಂದೇ ಕೆಲಸ.

ದೇವಾಲಯವನ್ನು ಕೆಡವಿದ ಆ ನ್ಯಾಂಗೆಯ ಹೆಸರನ್ನು ಇನ್ನೊಮ್ಮೆ ಹೇಳಬೇಕು. 1997ರ ಮಾರ್ಚ್‌ನಲ್ಲಿ ಬಂದೂಕುಧಾರಿಗಳು ಅಲ್ಲಿನ ಶಾಲೆಗೆ ನುಗ್ಗಿ, ಹುಟುಗಳು ಒಂದು ಕಡೆ, ಟುಟ್ಸಿಗಳು ಒಂದು ಕಡೆ ನಿಲ್ಲಿ ಎಂದರು. ಮಕ್ಕಳು ಬೇರೆಯಾಗಲಿಲ್ಲ. ನಾವೆಲ್ಲ ರುವಾಂಡದವರೇ ಎಂದರು. ಅದಕ್ಕಾಗಿ ಹಲವರು ಪ್ರಾಣ ತೆತ್ತರು. ದೊಡ್ಡವರು ಕಳೆದ ಊರಿನ ಮಾನವನ್ನು ಮೂರೇ ವರ್ಷದಲ್ಲಿ ಮಕ್ಕಳು ಉಳಿಸಿದರು. ಇಂದು ರುವಾಂಡ ಅವರನ್ನೂ, ಫೆಲಿಸಿತಾಸರನ್ನೂ ರಾಷ್ಟ್ರೀಯ ವೀರರ ಸಾಲಿನಲ್ಲಿ ನೆನೆಯುತ್ತದೆ.

ಪ್ರಭು ಯೇಸು ಹೇಳಿದ ಸಮಾರಿಯದವನ ಸಾಮತಿಯಲ್ಲೂ ಒಂದು ಹೋಟೆಲು ಬರುತ್ತದೆ. ಕಳ್ಳರ ಕೈಗೆ ಸಿಕ್ಕು ಗಾಯಗೊಂಡವನನ್ನು ಸಮಾರಿಯದವನು ಒಂದು ಛತ್ರಕ್ಕೆ ಸಾಗಿಸುತ್ತಾನೆ. ಛತ್ರದವನ ಕೈಗೆ ಎರಡು ನಾಣ್ಯ ಕೊಡುತ್ತಾನೆ. ನಾವು ಯಾವಾಗಲೂ ಸಮಾರಿಯದವನನ್ನೇ ಹೊಗಳುತ್ತೇವೆ. ಆ ಛತ್ರದವನು ಬಾಗಿಲು ತೆರೆಯದಿದ್ದರೆ? ಎರಡು ನಾಣ್ಯವೆಂದರೆ ಆ ಕಾಲದಲ್ಲಿ ಎರಡು ದಿನದ ಕೂಲಿ. ಮಿಕ್ಕಿದ್ದನ್ನು ಮರಳಿ ಬಂದಾಗ ಕೊಡುತ್ತೇನೆಂಬ ಅಪರಿಚಿತನ ಮಾತನ್ನು ನಂಬಿ, ರಕ್ತ ಸುರಿಯುವ ಇನ್ನೊಬ್ಬ ಅಪರಿಚಿತನನ್ನು ಅವನು ಒಳಗೆ ಕರೆದುಕೊಂಡ. ಬೆತ್ಲೆಹೇಮಿನಲ್ಲಿ ತುಂಬುಗರ್ಭಿಣಿ ಮಾತೆ ಮರಿಯಳಿಗೆ ಸಿಗದ ಜಾಗ ಇಲ್ಲಿ ಸಿಕ್ಕಿತು.

ನಮ್ಮ ನಾಡಿಗೂ ಇಂತಹ ಬಾಗಿಲುಗಳ ನೆನಪಿದೆ. 2009ರ ಅಕ್ಟೋಬರಿನಲ್ಲಿ ಕೃಷ್ಣೆ, ತುಂಗಭದ್ರೆಯರು ಉಕ್ಕಿ ಆಲಂಪುರ, ಕರ್ನೂಲು, ಮಂತ್ರಾಲಯ, ರಾಯಚೂರು ಕಡೆಯ ಹೊಳೆದಂಡೆಯ ಹಳ್ಳಿಗಳು ನೀರಲ್ಲಿ ನಿಂತಾಗ ಶಾಲೆಗಳೇ ಜನರ ಮನೆಯಾದವು. ಆಗ ಪಕ್ಕದಲ್ಲಿ ಮಲಗಿದವನ ಜಾತಿಯನ್ನು ಹೊಳೆ ಕೇಳಿರಲಿಲ್ಲ. 2020ರ ಲಾಕ್‌ಡೌನ್‌ನಲ್ಲಿ ದೇಶದ ಹೆದ್ದಾರಿಗಳ ಮೇಲೆ ಕೂಲಿಯವರು ಗಂಟುಮೂಟೆ ಹೊತ್ತು ನಡೆದರು. ಕೆಲವು ಊರುಗಳು ಅವರಿಗೆ ನೀರು, ಬುತ್ತಿ ಕೊಟ್ಟವು. ಕೆಲವು ಊರುಗಳು ದಾರಿಗೆ ಮುಳ್ಳು ಹಾಕಿದವು. ನೀರು ಇಳಿದ ಮೇಲೆ, ರೋಗ ಇಳಿದ ಮೇಲೆ ಉಳಿಯುವ ಪ್ರಶ್ನೆ ಒಂದೇ: ನಮ್ಮ ಮನೆ ಯಾವುದರ ಸಾಲಿಗೆ ಸೇರುತ್ತದೆ?

ರುವಾಂಡ ಕಲಿಸುವ ಪಾಠ ಮಚ್ಚಿನಿಂದ ಶುರುವಾಗುವುದಿಲ್ಲ, ಮಾತಿನಿಂದ ಶುರುವಾಗುತ್ತದೆ. ಊಟಕ್ಕೆ ಕುಳಿತಾಗ ನೆರೆಯವರ ಜಾತಿಯನ್ನೋ, ಭಾಷೆಯನ್ನೋ, ಧರ್ಮವನ್ನೋ ಹಿಡಿದು ಒಂದು ಕೀಳು ಮಾತು ಬಂದರೆ ಮಕ್ಕಳು ಅದನ್ನು ಕೇಳುತ್ತಾರೆ. ಮೊಬೈಲಿನಲ್ಲಿ ಬಂದ ವಿಷದ ಮಾತನ್ನು ನಾಲ್ಕು ಜನಕ್ಕೆ ಕಳಿಸಿದರೆ ನಮ್ಮ ಮನೆಯೂ ಆ ರೇಡಿಯೋ ಕೇಂದ್ರವಾಗುತ್ತದೆ. ಈ ವಾರ ಸಂಜೆಯ ಜಪಸರ ಮುಗಿದ ಮೇಲೆ ಮನೆಮಂದಿಯೆಲ್ಲ ಕುಳಿತು ಒಂದು ಮಾತು ಯೋಚಿಸಿ: ನಮ್ಮ ಬೀದಿಯಲ್ಲಿ ಯಾರ ಮನೆಗೆ ನಾವು ಇದುವರೆಗೆ ಕಾಲಿಟ್ಟಿಲ್ಲ? ನಮ್ಮ ಹೊಸ್ತಿಲು ದಾಟಿ ಒಳಗೆ ಬಾರದವರು ಯಾರು? ಅಂಥವರಲ್ಲಿ ಒಬ್ಬರನ್ನು ಬರುವ ಭಾನುವಾರ ಬಲಿಪೂಜೆಯ ನಂತರ ಊಟಕ್ಕೆ ಕರೆಯಿರಿ. ರೊಟ್ಟಿ ಪಲ್ಯವಾದರೂ ಸಾಕು.