ಸೋಲಾರ್ ಹಾಕಿಸುವ ಮೊದಲು ಕರೆಂಟ್ ಬಿಲ್ ತೆಗೆದು ನೋಡಿ



‘ಮನೆ ಮೇಲೆ ಸೋಲಾರ್ ಹಾಕಿಸಿ, ಜೀವನಪೂರ್ತಿ ಕರೆಂಟ್ ಫ್ರೀ’ ಎನ್ನುತ್ತ ಓಣಿ ಓಣಿ ಸುತ್ತುವ ಏಜೆಂಟರು ಈಗ ಹೆಚ್ಚಾಗಿದ್ದಾರೆ. ಅವರ ಮಾತು ಪೂರ್ತಿ ಸುಳ್ಳಲ್ಲ. ಹಾಗೆಂದು ಎತ್ತು ಈಯಿತು ಎಂದ ಕೂಡಲೇ ಕೊಟ್ಟಿಗೆಗೆ ಕಟ್ಟಲು ಓಡಬೇಕಿಲ್ಲ. ನಮ್ಮ ನಿಲುವು ಇಷ್ಟು: ತಿಂಗಳಿಗೆ 200 ಯೂನಿಟ್ ದಾಟುವ, ನೆರಳು ಬೀಳದ ಸ್ವಂತ ತಾರಸಿ ಇರುವ ಮನೆಯವರು ಧೈರ್ಯವಾಗಿ ಹಾಕಿಸಿ. ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ ಬರುತ್ತಿರುವವರು ಸಾಲ ಮಾಡಿ ಹಾಕಿಸಬೇಡಿ.

2023ರಿಂದ ನಮ್ಮ ರಾಜ್ಯದಲ್ಲಿ ಗೃಹಜ್ಯೋತಿ ಇದೆ. 200 ಯೂನಿಟ್ ಮಿತಿಯೊಳಗೆ, ಹಿಂದಿನ ಸರಾಸರಿ ಬಳಕೆಗೆ ಒಂದಿಷ್ಟು ಸೇರಿಸಿ, ಅಷ್ಟು ಕರೆಂಟ್ ಉಚಿತ. ಉಳಿಸಲು ಬಿಲ್ಲೇ ಇಲ್ಲದ ಮನೆಗೆ ಸೋಲಾರ್ ಏನನ್ನು ಉಳಿಸೀತು? ಬ್ಯಾಂಕಿನ ಕಂತು ಮಾತ್ರ ಹೊಸದಾಗಿ ಬರುತ್ತದೆ. ‘ನಾಳೆ ಗೃಹಜ್ಯೋತಿ ನಿಂತರೆ?’ ಎಂದು ಏಜೆಂಟ್ ಕೇಳುತ್ತಾನೆ. ನ್ಯಾಯವಾದ ಪ್ರಶ್ನೆಯೇ. ಕೈಯಲ್ಲಿ ಬೇರೆ ಕೆಲಸಕ್ಕಿಲ್ಲದ ಹಣ ಇದ್ದವರು ಆ ಭಯಕ್ಕಾಗಿ ಹಾಕಿಸಿಕೊಳ್ಳಲಿ. ಚಿನ್ನ ಅಡವಿಟ್ಟು ಬೇಡ.

200ರ ಗಡಿಯಲ್ಲಿ ತೂಗಾಡುವ ಮನೆಯವರು ಮೊದಲು ಬಚ್ಚಲಮನೆ ಕಡೆ ನೋಡಿ. 2 ಕಿಲೋವಾಟ್ ಗೀಸರ್ ದಿನಕ್ಕೆ ಒಂದು ಗಂಟೆ ಓಡಿದರೆ ತಿಂಗಳಿಗೆ 60 ಯೂನಿಟ್. ಇಂಥ ಮನೆಗೆ ಬಿಸಿನೀರಿನ ಸೋಲಾರ್ ಸಾಕು, ಕರೆಂಟಿನ ಸೋಲಾರ್ ಬೇಡ.

ಇನ್ನು ದೊಡ್ಡ ಬಿಲ್ಲಿನವರ ಲೆಕ್ಕ. ಬಿಸಿಲಿನ ಬಗ್ಗೆ ಅನುಮಾನ ಬೇಡ. ಪಾವಗಡದ 2,050 ಮೆಗಾವಾಟ್ ಸೋಲಾರ್ ಪಾರ್ಕ್ ನಡೆಯುತ್ತಿರುವುದೂ ಇದೇ ಬಿಸಿಲಿನಲ್ಲಿ. 1 ಕಿಲೋವಾಟಿಗೆ ಸುಮಾರು 100 ಚದರ ಅಡಿ ಜಾಗ ಬೇಕು. ವರ್ಷದ ಸರಾಸರಿಯಲ್ಲಿ ದಿನಕ್ಕೆ 4 ಯೂನಿಟ್ ಬರುತ್ತದೆ. ಮಲೆನಾಡು, ಕರಾವಳಿಯವರು ಮಳೆಗಾಲಕ್ಕೆಂದು ಒಂದಿಷ್ಟು ಕಡಿಮೆ ಹಿಡಿಯಿರಿ. 3 ಕಿಲೋವಾಟ್ ಕೂರಿಸಲು 2 ಲಕ್ಷ ರೂಪಾಯಿ ಕೇಳಿದರು ಎಂದಿಟ್ಟುಕೊಳ್ಳಿ. 2024ರಲ್ಲಿ ಶುರುವಾದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 78,000 ಸಬ್ಸಿಡಿ ಸಿಗುತ್ತದೆ. ನಿಮ್ಮ ಕೈಯಿಂದ ಹೋಗುವುದು 1,22,000. ತಿಂಗಳಿಗೆ 350 ಯೂನಿಟ್ ಸುಡುವ ಮನೆಗೆ, ಯೂನಿಟ್ಟಿಗೆ 6 ರೂಪಾಯಿಯಂತೆ ವರ್ಷಕ್ಕೆ 25,200 ಉಳಿತಾಯ. ಐದು ವರ್ಷದೊಳಗೆ ಅಸಲು ಕೈಸೇರುತ್ತದೆ. ಪ್ಯಾನೆಲ್ಲಿಗೆ ಸಾಮಾನ್ಯವಾಗಿ 25 ವರ್ಷದ ವಾರಂಟಿ ಇರುತ್ತದೆ. ನಡುವೆ ಒಮ್ಮೆ ಇನ್ವರ್ಟರ್ ಬದಲಿಸುವ ಖರ್ಚು ಹಿಡಿದರೂ ಇದು ಲಾಭದ ಬಾಬತ್ತೇ.

ಆದರೆ ತಿಂಗಳಿಗೆ 250 ಯೂನಿಟ್ ಬಳಸುವವರಿಗೆ 3 ಕಿಲೋವಾಟ್ ದುಬಾರಿ. 2 ಕಿಲೋವಾಟಿನಿಂದಲೇ ತಿಂಗಳಿಗೆ 240 ಯೂನಿಟ್ ಬರುತ್ತದೆ, 60,000 ಸಬ್ಸಿಡಿಯೂ ಸಿಗುತ್ತದೆ. ‘ದೊಡ್ಡದು ಹಾಕಿಸಿ, ಮಿಕ್ಕಿದ್ದನ್ನು ಬೆಸ್ಕಾಂಗೆ ಮಾರಿ ದುಡ್ಡು ಮಾಡಿ’ ಎಂಬ ಮಾತಿಗೆ ಮರುಳಾಗಬೇಡಿ. ನಾವು ಕೊಡುವ ಕರೆಂಟಿಗೆ ಕಂಪನಿ ಕಟ್ಟುವ ಬೆಲೆ, ನಾವು ಕೊಳ್ಳುವ ಬೆಲೆಗಿಂತ ಕಡಿಮೆ. ಮಂಜೂರಾದ ಲೋಡಿನ ಮೇಲಿನ ನಿಗದಿತ ಶುಲ್ಕವೂ ತಪ್ಪುವುದಿಲ್ಲ. ಹಾಗಾಗಿ ‘ಫ್ರೀ’ ಎಂಬ ಪದವನ್ನು ಏಜೆಂಟರ ಬಾಯಿಗೇ ಬಿಡಿ.

ಕಾಗದದ ಲೆಕ್ಕವನ್ನೆಲ್ಲ ಕೆಡಿಸುವುದು ನೆರಳು. ಪ್ಯಾನೆಲ್ಲುಗಳನ್ನು ಸಾಲಾಗಿ ಜೋಡಿಸಿರುತ್ತಾರೆ. ಒಂದರ ಮೇಲೆ ತೆಂಗಿನ ಗರಿಯ ನೆರಳು ಬಿದ್ದರೂ ಆ ಸಾಲಿನ ಉತ್ಪಾದನೆ ಕುಸಿಯಬಹುದು. ಬೆಳಗ್ಗೆ ಒಂಬತ್ತಕ್ಕೆ, ನಡುಮಧ್ಯಾಹ್ನ, ಮತ್ತೆ ಮೂರಕ್ಕೆ ಸೀಮೆಸುಣ್ಣ ಹಿಡಿದು ತಾರಸಿ ಹತ್ತಿ. ನೀರಿನ ಟ್ಯಾಂಕು, ಮೆಟ್ಟಿಲಮನೆ, ಪಕ್ಕದವರ ಮೂರನೇ ಮಹಡಿ ಇವುಗಳ ನೆರಳಿನ ಅಂಚಿಗೆ ಗೆರೆ ಎಳೆಯಿರಿ. ಸಾಧ್ಯವಾದರೆ ಡಿಸೆಂಬರಿನಲ್ಲಿ ಎಳೆಯಿರಿ. ಸೂರ್ಯ ದಕ್ಷಿಣಕ್ಕೆ ವಾಲಿ ನೆರಳು ಉದ್ದ ಚಾಚುವ ಕಾಲ ಅದು. ಗೆರೆಯಾಚೆ ಉಳಿದ ಜಾಗವೇ ನಿಮ್ಮ ಸೋಲಾರ್ ಜಾಗ. ಅಳತೆ ತೆಗೆಯಲು ಬಂದವನು ತಾರಸಿ ಹತ್ತದೆ ಮೊಬೈಲಿನಲ್ಲೇ ಕೊಟೇಶನ್ ಕೊಟ್ಟರೆ ಅಲ್ಲಿಂದಲೇ ಕಳಿಸಿಬಿಡಿ.

ಇನ್ನೊಂದು ಮಾತನ್ನು ಏಜೆಂಟರು ತಾವಾಗಿಯೇ ಹೇಳುವುದು ಅಪರೂಪ. ಬ್ಯಾಟರಿ ಇಲ್ಲದ ಆನ್-ಗ್ರಿಡ್ ಸೋಲಾರ್, ಲೈನಿನ ಕರೆಂಟ್ ಹೋದಾಗ ತಾನೂ ನಿಲ್ಲುತ್ತದೆ. ಕಂಬ ಹತ್ತಿ ರಿಪೇರಿ ಮಾಡುವ ಲೈನ್‌ಮನ್‌ಗೆ ನಿಮ್ಮ ಮನೆಯಿಂದ ಹರಿದ ಕರೆಂಟ್ ಹೊಡೆಯಬಾರದೆಂದು ಮಾಡಿದ ವ್ಯವಸ್ಥೆ ಅದು. ಲೋಡ್ ಶೆಡ್ಡಿಂಗ್‌ಗೆ ಪರಿಹಾರ ಬೇಕಿದ್ದರೆ ಅದಕ್ಕೆ ಯುಪಿಎಸ್ ಇದೆ.

ಸಬ್ಸಿಡಿ ಬರುವುದು ಕೆಲಸ ಮುಗಿದು, ನೆಟ್ ಮೀಟರ್ (ಕೊಂಡ ಕರೆಂಟ್, ಕೊಟ್ಟ ಕರೆಂಟ್ ಎರಡನ್ನೂ ಅಳೆಯುವ ಮೀಟರ್) ಕೂತ ಮೇಲೆ, ನಿಮ್ಮ ಖಾತೆಗೇ. ಅದಕ್ಕೆ ಭಾರತದಲ್ಲೇ ತಯಾರಾದ ಪ್ಯಾನೆಲ್ ಇರಬೇಕು, ಯೋಜನೆಯಲ್ಲಿ ನೋಂದಾಯಿತರಾದವರೇ ಕೂರಿಸಬೇಕು. ಎರಡನ್ನೂ ಬರವಣಿಗೆಯಲ್ಲಿ ಪಡೆಯದೆ ಮುಂಗಡ ಕೊಡಬೇಡಿ.

ಈ ಹಾಳೆಯ ಹಿಂಬದಿಯನ್ನು ಖಾಲಿ ಬಿಟ್ಟಿದ್ದೇವೆ. ಕಳೆದ 12 ತಿಂಗಳ ಬಿಲ್ಲಿನ ಯೂನಿಟ್‌ಗಳನ್ನು ಅಲ್ಲಿ ಬರೆದು ಕೂಡಿಸಿ, 12ರಿಂದ ಭಾಗಿಸಿ. 200ಕ್ಕಿಂತ ಹೆಚ್ಚು ಬಂದರೆ ಸೀಮೆಸುಣ್ಣ ಹಿಡಿದು ತಾರಸಿ ಹತ್ತಿ. ಕಡಿಮೆ ಬಂದರೆ ಕರಪತ್ರವನ್ನು ಪಕ್ಕದ ಮನೆಗೆ ಕೊಡಿ.