ಅಂಕಿ ಯಾರಿಗೆ? ಸಾಹೇಬರಿಗೋ, ಜನಕ್ಕೋ?

ಮುಂಗಾರು ಶುರುವಾಯಿತೆಂದರೆ ದಾವಣಗೆರೆ ಸೀಮೆಯ ರೈತ ಪತ್ರಿಕೆ ಬಿಡಿಸಿದ ಕೂಡಲೇ ಹುಡುಕುವುದು ಮೂಲೆಯಲ್ಲಿರುವ ಒಂದು ಪುಟ್ಟ ಚೌಕವನ್ನು. ಭದ್ರಾ ಜಲಾಶಯದ ಗರಿಷ್ಠ ಮಟ್ಟ 186 ಅಡಿ, ಇಂದಿನ ಮಟ್ಟ ಇಷ್ಟು, ಕಳೆದ ವರ್ಷ ಇದೇ ದಿನ ಇಷ್ಟು, ಒಳಹರಿವು ಇಷ್ಟು, ಹೊರಹರಿವು ಇಷ್ಟು. ಐದೇ ಸಾಲು. ಮಂತ್ರಿಗಳ ಭಾಷಣವೆಲ್ಲ ಆಮೇಲೆ. ಆ ಐದು ಸಾಲು ನೋಡಿ ಮಲೇಬೆನ್ನೂರಿನ ರೈತ ಭತ್ತದ ಸಸಿಮಡಿ ಹಾಕೋದೋ ಬೇಡವೋ ಅಂತ ಲೆಕ್ಕ ಹಾಕುತ್ತಾನೆ. ಅವನೇನು ಸ್ಟಾಟಿಸ್ಟಿಕ್ಸ್ ಓದಿದವನಲ್ಲ. ಓದುವ ಅಗತ್ಯವೇ ಬೀಳದ ಹಾಗೆ ಆ ಚೌಕವನ್ನು ಮಾಡಿಟ್ಟಿದ್ದಾರೆ, ಯಾವ ಕಾಲದಲ್ಲೋ, ಹೆಸರು ಗೊತ್ತಿಲ್ಲದ ಯಾರೋ ಉಪಸಂಪಾದಕರು.

ಈಗ ಅಂಕಿಅಂಶವೆಲ್ಲ ಕಂಪ್ಯೂಟರಿಗೆ ಬಂತು, ಅಲ್ಲಿಂದ ಮೊಬೈಲಿಗೂ ಬಂತು. ಮಳೆ, ಬೆಳೆ, ಶಾಲೆ, ಆಸ್ಪತ್ರೆ, ಪಡಿತರ ಎಲ್ಲದಕ್ಕೂ ಒಂದೊಂದು ಜಾಲತಾಣ. ಪಟ್ಟಿ ಉಂಟು, ಗ್ರಾಫ್ ಉಂಟು, ಬಣ್ಣ ಬಣ್ಣದ ನಕ್ಷೆ ಉಂಟು. ಸಂತೋಷವೇ. ಆದರೆ ಆ ಪುಟ ತೆರೆದು ಕೂತ ಮನುಷ್ಯನಿಗೆ ಐದು ಸಾಲಿನ ಚೌಕ ಕೊಡುತ್ತಿದ್ದಂಥ ಉತ್ತರ ಸಿಗುತ್ತದೆಯೇ? ಬಹಳ ಕಡೆ ಸಿಗೋದಿಲ್ಲ. ಬಸ್ಸಿನ ಮೀಟರಿನಂಥ ಚಕ್ರವೊಂದು ತಿರುಗುತ್ತದೆ, ಶೇಕಡಾ ಇಷ್ಟು ಅಂತ ದಪ್ಪಕ್ಷರದಲ್ಲಿ ನಿಲ್ಲುತ್ತದೆ. ಯಾವುದರಲ್ಲಿ ಶೇಕಡಾ? ಯಾವ ದಿನದ್ದು? ಹೋದ ವರ್ಷ ಎಷ್ಟಿತ್ತು? ದೇವರೇ ಬಲ್ಲ.

ಇಂಥ ಪುಟಕ್ಕೆ ಡ್ಯಾಶ್‌ಬೋರ್ಡ್ ಅನ್ನುತ್ತಾರೆ. ಮೋಟಾರಿನಲ್ಲಿ ಡ್ರೈವರ್ ಮುಂದಿರುವ ಹಲಗೆಯ ಹೆಸರು ಅದು. ಹೆಸರಿಟ್ಟವರು ಗೊತ್ತಿದ್ದೇ ಇಟ್ಟರೋ ಏನೋ, ಅದು ಸ್ಟೇರಿಂಗ್ ಹಿಡಿದವರಿಗಾಗಿ ಮಾಡಿದ್ದು. ಹಿಂದಿನ ಸೀಟಿನಲ್ಲಿ ಕೂತವರು ಇಣುಕಿ ನೋಡಬೇಕು. ಮೀಟಿಂಗ್ ಹಾಲಿನ ದೊಡ್ಡ ಪರದೆಯ ಮೇಲೆ ಮಿಂಚಲೆಂದು ಮಾಡಿದ ಪುಟ, ಜಗಳೂರಿನ ಹುಡುಗನ ಅಂಗೈಯಗಲದ ಫೋನಿನಲ್ಲಿ ಅರ್ಧಕ್ಕರ್ಧ ಆಚೆ ಚೆಲ್ಲಿಹೋಗುತ್ತದೆ.

ಪಟ್ಟಿ, ಗ್ರಾಫ್, ನಕ್ಷೆ ಮೂರೂ ಒಂದೇ ಕೆಲಸ ಮಾಡುವುದಿಲ್ಲ. ಒಂದು ನಿರ್ದಿಷ್ಟ ಸಂಖ್ಯೆ ಬೇಕಾದವನಿಗೆ ಪಟ್ಟಿ ಬೇಕು. ಏರುತ್ತಿದೆಯೋ ಇಳಿಯುತ್ತಿದೆಯೋ ಅನ್ನುವವನಿಗೆ ಗ್ರಾಫ್. ಎಲ್ಲಿ ಅಂತ ಕೇಳುವವನಿಗೆ ನಕ್ಷೆ. ಕೇಳುವವನ ಪ್ರಶ್ನೆ ಯಾವುದು ಅಂತ ತಿಳಿಯದೆ ಮೂರನ್ನೂ ಒಟ್ಟಿಗೆ ಸುರಿದರೆ, ಮದುವೆ ಊಟದಲ್ಲಿ ಪಾಯಸದ ಮೇಲೆ ಸಾರು ಬಡಿಸಿದ ಹಾಗೆ.

ಭದ್ರೆಯದ್ದೇ ತಗೊಳ್ಳಿ. ಜಲಾಶಯದ ನೀರನ್ನು ಬರೀ ಅಡಿ ಲೆಕ್ಕದಲ್ಲಿ ಗೆರೆ ಎಳೆದು ತೋರಿಸಿದರೆ ಅದು ಅರ್ಧ ಸತ್ಯ. ಜಲಾಶಯ ಬಾವಿಯಲ್ಲ, ಕಣಿವೆ. ಮೇಲೆ ಅಗಲ, ಕೆಳಗೆ ಇಕ್ಕಟ್ಟು. ಮಟ್ಟ 186ರಿಂದ 185ಕ್ಕೆ ಇಳಿದಾಗ ಹೋಗುವ ನೀರು, 140ರಿಂದ 139ಕ್ಕೆ ಇಳಿದಾಗ ಹೋಗುವ ನೀರಿಗಿಂತ ಬಹಳ ಹೆಚ್ಚು. ಅಣೆಕಟ್ಟೆಯಲ್ಲಿ ಹಿಡಿಯುವುದು ಒಟ್ಟು 71 ಟಿಎಂಸಿ ಚಿಲ್ಲರೆ. ಅಡಿಯಲ್ಲಿ ಅರ್ಧ ಇದೆ ಅಂದರೆ ನೀರೂ ಅರ್ಧ ಇದೆ ಅಂತ ತಿಳಿದವನು ಕೆಟ್ಟ. ಆದ್ದರಿಂದ ಅಡಿಯ ಗೆರೆಯ ಪಕ್ಕದಲ್ಲೇ ಟಿಎಂಸಿ ಗೆರೆ ಇರಬೇಕು. ಒಳಹರಿವು ಕ್ಯುಸೆಕ್‌ನಲ್ಲಿ, ಸಂಗ್ರಹ ಟಿಎಂಸಿಯಲ್ಲಿ ಬರೆದು ಕೈತೊಳೆದುಕೊಂಡರೆ ಎರಡನ್ನೂ ಹೊಂದಿಸುವವರು ಯಾರು? 11,574 ಕ್ಯುಸೆಕ್ ನೀರು ಇಡೀ ಒಂದು ದಿನ ಹರಿದರೆ ಒಂದು ಟಿಎಂಸಿ ಆಗುತ್ತದೆ. ಇಷ್ಟನ್ನು ಪುಟದ ಕೆಳಗೆ ಬರೆದುಬಿಟ್ಟರೆ ನಾಲೆಯ ಕೊನೆಭಾಗದ ರೈತ ನೀರು ಎಷ್ಟು ದಿನಕ್ಕೆ ಬಂದೀತು ಅಂತ ತಾನೇ ಕೂಡಿ ಕಳೆದು ನೋಡುತ್ತಾನೆ.

2023ರಲ್ಲಿ ಮಳೆ ಕೈಕೊಟ್ಟು ಭದ್ರಾ ನೀರಿಗಾಗಿ ದಾವಣಗೆರೆಯ ರೈತರು ಬೀದಿಗಿಳಿದಾಗ ಜಗಳ ನಡೆದದ್ದು ಇಂಥ ಲೆಕ್ಕದ ಮೇಲೇ. ಡ್ಯಾಂನಲ್ಲಿ ಎಷ್ಟಿದೆ, ಕುಡಿಯೋಕೆ ಎಷ್ಟು ತೆಗೆದಿಡಬೇಕು, ನಾಲೆಗೆ ಎಷ್ಟು ದಿನ ಬಿಡಬಹುದು. ಎಲ್ಲರ ಕೈಯಲ್ಲೂ ಒಂದೇ ಗ್ರಾಫ್ ಇದ್ದಿದ್ದರೆ ಮಳೆಯೇನೂ ಬರುತ್ತಿರಲಿಲ್ಲ. ಮಾತಾದರೂ ಒಂದು ಸಂಖ್ಯೆಯ ಮೇಲೆ ನಿಲ್ಲುತ್ತಿತ್ತು.

ಗ್ರಾಫ್ ಬರೆಯುವ ತಂತ್ರಾಂಶಕ್ಕೆ ಇನ್ನೊಂದು ಚೇಷ್ಟೆ ಇದೆ. ಯಾರೂ ಹೇಳದಿದ್ದರೆ ಅಳತೆಯನ್ನು ತನ್ನಷ್ಟಕ್ಕೆ ತಾನೇ ಹಿಗ್ಗಿಸಿಕೊಳ್ಳುತ್ತದೆ. ವಾರವಿಡೀ ಅರ್ಧ ಅಡಿ ಇಳಿದಿದ್ದರೂ ಪರದೆಯ ಮೇಲೆ ಜೋಗದ ಗುಂಡಿಗೆ ಧುಮುಕಿದಂತೆ ಕಾಣುತ್ತದೆ. ತುಂಬಿದ ಮಟ್ಟಕ್ಕೊಂದು ಗೆರೆ, ನಾಲೆಗೆ ನೀರು ಹತ್ತದ ಮಟ್ಟಕ್ಕೊಂದು ಗೆರೆ, ನಡುವೆ ಈ ವರ್ಷ, ಹೋದ ವರ್ಷ. ಇಷ್ಟಿದ್ದರೆ ಸಾಕು. ನೆರಳು, ಹೊಳಪು, ಮೂರು ಆಯಾಮದ ಕಂಬಗಳು ಯಾರಿಗೂ ಬೇಡ.

ಮಳೆಯ ವಿಷಯ ಇನ್ನೂ ಸೂಕ್ಷ್ಮ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ರಾಜ್ಯದಲ್ಲಿ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಆರು ಸಾವಿರಕ್ಕೂ ಹೆಚ್ಚು ಮಳೆಮಾಪಕಗಳನ್ನು ನೆಟ್ಟಿದೆ. ದೇಶದಲ್ಲಿ ಇಷ್ಟು ಒತ್ತಾಗಿ ಮಳೆ ಅಳೆಯುವ ರಾಜ್ಯಗಳು ಅಪರೂಪ, ಮೆಚ್ಚಬೇಕಾದ್ದೇ. ಚನ್ನಗಿರಿಯ ಅಡಿಕೆ ಬೆಳೆಗಾರ ಹವಾಮಾನ ಆಧಾರಿತ ವಿಮೆಗೆ ಕಂತು ಕಟ್ಟಿದರೆ ಪರಿಹಾರ ಬರುವುದೂ ಬಿಡುವುದೂ ಈ ಮಾಪಕಗಳ ಅಂಕಿಯ ಮೇಲೆ. ಅಂದಮೇಲೆ ತನ್ನ ಪಂಚಾಯಿತಿಯ ಮಾಪಕ ಯಾವ ದಿನ ಎಷ್ಟು ಮಿಲಿಮೀಟರ್ ಬರೆದುಕೊಂಡಿತು ಅಂತ ಅವನು ಕೂತಲ್ಲೇ ನೋಡುವಂತಿರಬೇಕು. ಇಲ್ಲಿ ಪುಟ ಮಾಡುವವರು ಒಂದು ಸಣ್ಣ ಸಂಗತಿ ಮರೆತರೆ ದೊಡ್ಡ ಅನ್ಯಾಯ ಆಗುತ್ತದೆ. ಮಳೆ ಬಾರದ ದಿನ ಸೊನ್ನೆ. ಮಾಪಕ ಕೆಟ್ಟು ನಿಂತ ದಿನ ಸೊನ್ನೆ ಅಲ್ಲ, ಖಾಲಿ. ಎರಡನ್ನೂ ಒಂದೇ ಥರ ತೋರಿಸಿದರೆ ಕೆಟ್ಟ ಯಂತ್ರದಿಂದ ಕಾಗದದ ಮೇಲೆ ಬರ ಹುಟ್ಟುತ್ತದೆ. ಖಾಲಿ ಜಾಗಕ್ಕೆ ಪಕ್ಕದೂರಿನ ಅಂಕಿ ತುಂಬಿದರೆ ಇಲ್ಲದ ಮಳೆ ಹುಟ್ಟುತ್ತದೆ. ತುಂಬಿದ್ದರೆ ತುಂಬಿದ್ದೇವೆ ಅಂತ ಬೇರೆ ಬಣ್ಣದಲ್ಲಿ ಬರೆಯಲಿ. ಅದಕ್ಕೇನು ಖರ್ಚು?

ಇನ್ನು ಹರಪನಹಳ್ಳಿಯ ಕತೆ. 1997ಕ್ಕೆ ಮೊದಲು ಅದು ಬಳ್ಳಾರಿ ಜಿಲ್ಲೆಯ ತಾಲ್ಲೂಕು. ಆ ವರ್ಷ ದಾವಣಗೆರೆ ಜಿಲ್ಲೆ ಆದಾಗ ಇಲ್ಲಿಗೆ ಬಂತು. 371ಜೆ ಸವಲತ್ತು ಸಿಗಲೆಂದು 2018ರಲ್ಲಿ ಮತ್ತೆ ಬಳ್ಳಾರಿಗೆ ಹೋಯಿತು. 2021ರಲ್ಲಿ ವಿಜಯನಗರ ಜಿಲ್ಲೆ ಹುಟ್ಟಿದಾಗ ಅಲ್ಲಿಗೆ ಸೇರಿತು. ಊರು ಇದ್ದಲ್ಲೇ ಇದೆ, ಜಿಲ್ಲೆ ಓಡಾಡಿತು. ಜನ ಇದಕ್ಕೆ ಹೊಂದಿಕೊಂಡರು. ಅಂಕಿ ಹೊಂದಿಕೊಳ್ಳೋದಿಲ್ಲ.

2011ರ ಜನಗಣತಿಯಲ್ಲಿ ದಾವಣಗೆರೆ ಜಿಲ್ಲೆಯ ಜನ 19,45,497. ಅದರಲ್ಲಿ ಹರಪನಹಳ್ಳಿಯವರು ಸುಮಾರು 3 ಲಕ್ಷ. ಅವರನ್ನು ಕಳೆದರೆ ಈಗಿನ ಎಲ್ಲೆಯ ಜಿಲ್ಲೆಯಲ್ಲಿ ಉಳಿಯುವುದು 16 ಲಕ್ಷ 43 ಸಾವಿರ. ಈಗ ಯಾರೋ ಒಬ್ಬ ಬುದ್ಧಿವಂತ ಜಿಲ್ಲೆಯ ಇವತ್ತಿನ ಆಸ್ಪತ್ರೆ ಹಾಸಿಗೆಗಳನ್ನು ಎಣಿಸಿ, ಹಳೇ ಪಟ್ಟಿಯ ಹತ್ತೊಂಬತ್ತೂವರೆ ಲಕ್ಷದಿಂದ ಭಾಗಿಸಿದ ಅನ್ನಿ. ಇರುವುದಕ್ಕಿಂತ ನೂರಕ್ಕೆ ಹದಿನೈದರಷ್ಟು ಕಡಿಮೆ ಬರುತ್ತದೆ. ಕೂಡುವ ಕಳೆಯುವ ತಪ್ಪು ಎಲ್ಲೂ ಇಲ್ಲ, ಆದರೂ ಉತ್ತರ ತಪ್ಪು. ಮುಂದಿನ ಗಣತಿ ಬಂದಾಗ ಎಲ್ಲೆ ಸರಿಪಡಿಸದೆ ಗ್ರಾಫ್ ಎಳೆದರೆ, ಜಿಲ್ಲೆಗೆ ಯಾವುದೋ ಮಾರಿ ಬಡಿದು ಜನ ಊರು ಬಿಟ್ಟಂತೆ ಕಾಣುತ್ತದೆ.

ಮೇಲಿಂದ ಹೆಸರಿನ ಫಜೀತಿ. 2014ರ ನವೆಂಬರ್ ಒಂದರಂದು ಇಂಗ್ಲಿಷಿನಲ್ಲಿದ್ದ ಬೆಳ್ಳಾರಿ ಹೋಗಿ ಬಳ್ಳಾರಿ ಆಯಿತು, ಗುಲ್ಬರ್ಗ ಹೋಗಿ ಕಲಬುರಗಿ ಆಯಿತು. ಮನುಷ್ಯನಿಗೆ ಎರಡೂ ಒಂದೇ. ಕಂಪ್ಯೂಟರಿಗೆ ಎರಡು ಬೇರೆ ಊರು. ಇದಕ್ಕೆಂದೇ ಹಳ್ಳಿಗೆ, ತಾಲ್ಲೂಕಿಗೆ, ಜಿಲ್ಲೆಗೆ ಸರ್ಕಾರ ಸಂಕೇತ ಸಂಖ್ಯೆ ಕೊಟ್ಟಿದೆ. ಹೆಸರು ನಂಬದೆ ಆ ಸಂಖ್ಯೆ ನಂಬಿ ಪುಟ ಕಟ್ಟಿದರೆ ಅರ್ಧ ರಗಳೆ ತಪ್ಪುತ್ತದೆ. ಉಳಿದರ್ಧಕ್ಕೆ ಪುಟದ ಮೇಲೆ ಒಂದು ಸಾಲು: ಈ ಅಂಕಿ ಯಾವ ವರ್ಷದ ಎಲ್ಲೆಯ ಪ್ರಕಾರ.

ಜಿಲ್ಲೆಯ ಸರಾಸರಿಯಲ್ಲೇ ನಿಲ್ಲುವ ಪುಟಗಳನ್ನು ನೋಡಿದರೆ ಡಾ. ಡಿ.ಎಂ. ನಂಜುಂಡಪ್ಪನವರ ನೆನಪಾಗುತ್ತದೆ. ಅವರ ಸಮಿತಿ 2002ರಲ್ಲಿ ಕೊಟ್ಟ ವರದಿ ತಾಲ್ಲೂಕು ಮಟ್ಟಕ್ಕೆ ಇಳಿದು 114 ತಾಲ್ಲೂಕುಗಳನ್ನು ಹಿಂದುಳಿದವು ಅಂತ ಗುರುತಿಸಿತು. ಅತ್ಯಂತ ಹಿಂದುಳಿದ 39ರಲ್ಲಿ ಆಗ ದಾವಣಗೆರೆ ಜಿಲ್ಲೆಯಲ್ಲಿದ್ದ ಹರಪನಹಳ್ಳಿಯೂ ಇತ್ತು, ಚನ್ನಗಿರಿಯೂ ಇತ್ತು. ಜಿಲ್ಲಾ ಸರಾಸರಿ ನೋಡಿ ಕೂತಿದ್ದರೆ ಎರಡೂ ದಾವಣಗೆರೆ ನಗರದ ಗಿರಣಿ, ಕಾಲೇಜುಗಳ ನೆರಳಲ್ಲಿ ಮುಚ್ಚಿಹೋಗುತ್ತಿದ್ದವು. ಆ ವರದಿಗೆ ಬೇಕಾದ್ದು ಪಟ್ಟಿಗಳು ಮಾತ್ರ, ಮಿಂಚುವ ಪರದೆ ಬೇಕಿರಲಿಲ್ಲ. ಆ ಪಟ್ಟಿಗಳ ಮೇಲೆ ಇಪ್ಪತ್ತು ವರ್ಷ ಅನುದಾನದ ಜಗಳ ನಡೆಯಿತು.

ನಕ್ಷೆಗೆ ಬಂದರೆ, ಅದು ನೋಡೋಕೆ ಚೆಂದ, ನಂಬೋಕೆ ಕಷ್ಟ. ರಾಜ್ಯದ ನಕ್ಷೆಯಲ್ಲಿ ಉತ್ತರ ಕನ್ನಡ ಜಿಲ್ಲೆ 10,291 ಚದರ ಕಿಲೋಮೀಟರ್ ಅಗಲಕ್ಕೆ ಮಲಗಿದೆ. ಬೆಂಗಳೂರು ನಗರ ಜಿಲ್ಲೆ 2,190. ಜನ ಎಣಿಸಿದರೆ 2011ರಲ್ಲಿ ಉತ್ತರ ಕನ್ನಡದಲ್ಲಿ 14 ಲಕ್ಷ ಚಿಲ್ಲರೆ, ಬೆಂಗಳೂರಿನಲ್ಲಿ 96 ಲಕ್ಷ. ಜಿಲ್ಲೆ ಜಿಲ್ಲೆಗೆ ಬಣ್ಣ ಬಳಿದರೆ ಕಾಡು, ಗುಡ್ಡ, ಹಿನ್ನೀರೆಲ್ಲ ಕಣ್ಣಿಗೆ ರಾಚುತ್ತವೆ, ಮನುಷ್ಯರು ಮೂಲೆಯ ಚುಕ್ಕಿಯಾಗುತ್ತಾರೆ. ರೋಗಿಗಳ ಒಟ್ಟು ಸಂಖ್ಯೆಗೆ ಬಣ್ಣ ಬಳಿದರೆ ಯಾವಾಗಲೂ ಬೆಂಗಳೂರೇ ಕಡುಗೆಂಪು. ಅದರಲ್ಲಿ ಸುದ್ದಿ ಏನಿದೆ? ಲಕ್ಷಕ್ಕೆ ಎಷ್ಟು ಅಂತ ಬಳಿದರೆ ಆಗ ನಕ್ಷೆ ಮಾತಾಡೀತು.

ಬಣ್ಣದ ಪೆಟ್ಟು ಏನು ಅಂತ ದಾವಣಗೆರೆಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕೋವಿಡ್ ಕಾಲದಲ್ಲಿ, 2020ರ ಏಪ್ರಿಲ್ 30ರ ಕೇಂದ್ರದ ಪಟ್ಟಿಯಲ್ಲಿ ಈ ಜಿಲ್ಲೆ ಹಸಿರು ವಲಯ. ಮೇ ಮೊದಲ ವಾರದಲ್ಲೇ ಸೋಂಕು ಹತ್ತಾರಾಗಿ ಹಬ್ಬಿತ್ತು. ಪಟ್ಟಿ ಮಾಡಿದವರು ಸುಳ್ಳು ಹೇಳಿರಲಿಲ್ಲ, ಹಿಂದಿನ ದಿನಗಳ ಲೆಕ್ಕದ ಮೇಲೆ ಬಣ್ಣ ಕೊಟ್ಟಿದ್ದರು. ಆದರೆ ಹಸಿರು ಅಂದಕೂಡಲೇ ಜನಕ್ಕೆ ಕೇಳಿಸಿದ್ದು ಭಯವಿಲ್ಲ ಅಂತ. ಬಣ್ಣದ ಪಕ್ಕ ತಾರೀಕು ದಪ್ಪಗೆ ಇರಬೇಕು. ಎಷ್ಟು ಜನರ ಪರೀಕ್ಷೆ ಆಗಿದೆ ಅನ್ನುವುದೂ ಇರಬೇಕು. ಅದೇ ಕಾಲದಲ್ಲಿ ಕೆಲವು ಸ್ವಯಂಸೇವಕರು ರಾಜ್ಯ ಸರ್ಕಾರಗಳ ದಿನವಹಿ ಬುಲೆಟಿನ್‌ಗಳನ್ನು ಕೈಯಾರೆ ಕೂಡಿಸಿ, ಜಿಲ್ಲಾವಾರು ಪಟ್ಟಿ, ಗ್ರಾಫ್, ನಕ್ಷೆ ಮಾಡಿ ಜಾಲತಾಣ ನಡೆಸಿದರು. 2021ರ ಅಕ್ಟೋಬರ್ ಕೊನೆಯವರೆಗೂ ನಡೆಯಿತು. ಪ್ರತಿ ಅಂಕಿಯೂ ಎಲ್ಲಿಂದ ಬಂತು ಅಂತ ಅಲ್ಲಿ ಬರೆದಿತ್ತು, ಬೇಕಾದವರು ಇಡೀ ಕೋಷ್ಟಕ ಇಳಿಸಿಕೊಳ್ಳಬಹುದಿತ್ತು. ಸಂಬಳವಿಲ್ಲದ ಹುಡುಗರು ಮಾಡಿದ್ದನ್ನು ಸಂಬಳ ಪಡೆಯುವವರು ಮಾಡೋಕೆ ಯಾವ ಶಾಸ್ತ್ರ ಅಡ್ಡ ಬರುತ್ತದೆ?

ಕನ್ನಡದ ಮಾತೂ ಇದೆ. ಹಳೇ ನುಡಿ ಅಕ್ಷರದಲ್ಲಿ ಬೆರಳಚ್ಚು ಮಾಡಿ, ಮುದ್ರಿಸಿ, ಅದರ ಫೋಟೋ ಹೊಡೆದು ಪಿಡಿಎಫ್ ಅಂತ ಏರಿಸಿದರೆ ಅದು ಅಂಕಿಅಂಶ ಅಲ್ಲ, ಅಂಕಿಅಂಶದ ಭಾವಚಿತ್ರ. ಹುಡುಕಿದರೆ ಸಿಗೋದಿಲ್ಲ, ಕೂಡಿದರೆ ಕೂಡೋದಿಲ್ಲ, ಕಣ್ಣು ಕಾಣದವರಿಗೆ ಓದಿ ಹೇಳುವ ಯಂತ್ರಕ್ಕೂ ಅದು ಗೋಡೆ. ಯೂನಿಕೋಡ್ ಬಂದು ಎಷ್ಟು ವರ್ಷವಾಯಿತು. ಅಲ್ಪವಿರಾಮವೂ ಅಷ್ಟೇ: 19,45,497 ಅಂತ ಓದುವ ಕಣ್ಣಿಗೆ 1,945,497 ಅಂತ ತೋರಿಸಿದರೆ ಲಕ್ಷವೋ ಕೋಟಿಯೋ ಅಂತ ಬೆರಳು ಮಡಿಸಬೇಕು. ಕೆಂಪು ಹಸಿರು ಬೇರೆ ಬೇರೆ ಕಾಣದ ಗಂಡಸರು ಪ್ರತಿ ಊರಲ್ಲೂ ಇದ್ದಾರೆ. ಅವರಿಗೆ ಒಳ್ಳೇ ತಾಲ್ಲೂಕೂ ಕೆಟ್ಟ ತಾಲ್ಲೂಕೂ ಒಂದೇ ಬೂದು. ತೆಳು ನೀಲಿಯಿಂದ ಕಡುನೀಲಿಗೆ ಹೋದರೆ ಮುಗಿಯಿತು.

ಇಂಥ ಪುಟ ಮಾಡಿಸುವ ಅಧಿಕಾರಿಗಳು ಬಿಲ್ ಪಾಸ್ ಮಾಡುವ ಮೊದಲು ಒಂದು ಕೆಲಸ ಮಾಡಬಹುದು. ತಾಲ್ಲೂಕು ಕಚೇರಿಗೆ ಬೇರೆ ಕೆಲಸಕ್ಕೆ ಬಂದ ನಾಲ್ಕು ಜನರನ್ನು ಕೂರಿಸಲಿ. ಒಬ್ಬ ರೈತ, ಒಬ್ಬ ಆಶಾ ಕಾರ್ಯಕರ್ತೆ, ಒಬ್ಬ ಪಂಚಾಯಿತಿ ಸದಸ್ಯ, ಒಬ್ಬ ಮೇಷ್ಟ್ರು. ಅವರ ಫೋನಿನಲ್ಲೇ ಪುಟ ತೆರೆಸಿ ಕೇಳಲಿ: ನಿಮ್ಮ ಪಂಚಾಯಿತಿಯಲ್ಲಿ ಈ ಜೂನಿನಲ್ಲಿ ಎಷ್ಟು ಮಳೆಯಾಯಿತು, ಹೋದ ಜೂನಿನಲ್ಲಿ ಎಷ್ಟು? ಐದು ನಿಮಿಷದಲ್ಲಿ ಉತ್ತರ ಬರದಿದ್ದರೆ ತಪ್ಪು ಆ ನಾಲ್ವರದ್ದಲ್ಲ. ಪುಟವನ್ನು ವಾಪಸ್ ಕಳಿಸಬೇಕು.

2021ರಲ್ಲಿ ಆಗಬೇಕಿದ್ದ ಜನಗಣತಿ ಕೋವಿಡ್ ನೆಪದಲ್ಲಿ ಮುಂದಕ್ಕೆ ಹೋಗಿ 2027ಕ್ಕೆ ನಿಗದಿಯಾಗಿದೆ. ಹರಪನಹಳ್ಳಿ ಇಲ್ಲದ ದಾವಣಗೆರೆಗೆ, ಹೊನ್ನಾಳಿಯಿಂದ ಬೇರೆಯಾದ ನ್ಯಾಮತಿ ತಾಲ್ಲೂಕಿಗೆ ಅದು ಮೊದಲ ಗಣತಿ. ನ್ಯಾಮತಿಗೆ 2011ರ ಪಟ್ಟಿಯಲ್ಲಿ ತನ್ನದೇ ತಾಲ್ಲೂಕಿನ ಸಾಲಿಲ್ಲ. ಹೊಸ ಅಂಕಿ ಬಂದಾಗ ಹೋಲಿಸೋಕೆ ಹಳೇದು ಬೇಕೆಂದರೆ, ಹೊನ್ನಾಳಿಯ ಪಟ್ಟಿಯಿಂದ ನ್ಯಾಮತಿಗೆ ಸೇರಿದ ಹಳ್ಳಿಗಳನ್ನು ಒಂದೊಂದಾಗಿ ಆರಿಸಿ ಕೂಡಿಸಬೇಕು. ಹಳ್ಳಿವಾರು ಅಂಕಿ ಇದೆ, ಸಂಕೇತ ಸಂಖ್ಯೆಯೂ ಇದೆ. ಆ ಕೂಡುವ ಕೆಲಸಕ್ಕೆ ಗಣತಿಯವರೆಗೆ ಕಾಯಬೇಕಾಗಿಲ್ಲ. ಜಿಲ್ಲಾ ಕಚೇರಿಯಲ್ಲಿ ಒಬ್ಬ ಗುಮಾಸ್ತ, ಒಂದು ಕಂಪ್ಯೂಟರ್, ಒಂದು ವಾರ.